ನೀರಿನಲ್ಲಿ ಸೋತ ಕೆಒಎಚ್, ಡಿಎಂಎಸ್‌ಒದಲ್ಲಿ ಗೆಲ್ಲುವುದು ಹೇಗೆ?

ಪ್ರಶ್ನೆ: ನನ್ನೂರು ಮಂಡ್ಯ, ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಅಸಿಟಿಲೀನ್‌ನ ಹೈಡ್ರೋಜನ್ ಕೀಳಬೇಕಾದರೆ ಸೋಡಿಯಂ ಇಲ್ಲವೇ ಸೋಡಾಮೈಡ್ ಬೇಕು, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಕೈಲಿ ಆಗುವುದಿಲ್ಲ ಎಂದು ಪಿಯುಸಿಯಿಂದ ಓದಿಕೊಂಡು ಬಂದೆ. ಈಗ ನೋಡಿದರೆ ಕೆಒಎಚ್ ಅನ್ನು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕಕ್ಕೆ, ಅಂದರೆ ಡಿಎಂಎಸ್‌ಒಗೆ ಹಾಕಿದರೆ ಅದು ‘ಸೂಪರ್‌ಬೇಸ್’ (ಅತಿ ಬಲವಾದ ಪ್ರತ್ಯಾಮ್ಲ), ಅಸಿಟಿಲೀನ್ ಕೈಲಿ ಬೇಕಾದ್ದು ಮಾಡಿಸಬಹುದು ಎನ್ನುತ್ತಾರೆ. ಅದೇ ಕೆಒಎಚ್ ತಾನೆ? ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಹಾಕಿದರೆ ಅಸಿಟಿಲೀನ್ ಹೊರಟು ಸುಣ್ಣ ಉಳಿಯುತ್ತದೆ. ಅಲ್ಲಿ ಆಗುವುದು ಇದರ ತಿರುಗುಮುರುಗು. ಇನ್ನೊಂದು ವಿಷಯ. ಪ್ರಾಜೆಕ್ಟ್‌ಗೆ ಫೀನೈಲ್ ಅಸಿಟಿಲೀನನ್ನು ಸೈಕ್ಲೋಹೆಕ್ಸನೋನ್ ಎಂಬ ಕೀಟೋನ್‌ಗೆ ಜೋಡಿಸಿ ಆಲ್ಕೊಹಾಲ್ ಮಾಡಬೇಕಿತ್ತು. ಫೀನೈಲ್ ಅಸಿಟಿಲೀನ್ 1.02 ಗ್ರಾಂ, ಸೈಕ್ಲೋಹೆಕ್ಸನೋನ್ 0.98 ಗ್ರಾಂ, ಬೇಸ್ ಆಗಿ ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್ 0.22 ಗ್ರಾಂ, ಎಲ್ಲವನ್ನೂ 20 ಮಿ.ಲೀ. ಡಿಎಂಎಸ್‌ಒದಲ್ಲಿ ಒಟ್ಟಿಗೆ ಕಲಕಿದೆ. ಇಳುವರಿ ಶೇ. 22. ಎರಡನೇ ಸಲ 80 ಡಿಗ್ರಿಗೆ ಬಿಸಿ ಮಾಡಿದೆ. ಕಂದು ಗಸಿ ಬಂತು, ಇಳುವರಿ ಇನ್ನೂ ಇಳಿಯಿತು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳ ಗಂಟೂ ಒಂದೇ ಕಡೆ ಬಿದ್ದಿದೆ: ನೀರು. ಬಾಟಲಿಯಲ್ಲಿರುವ ಕೆಒಎಚ್ ಸೂಪರ್‌ಬೇಸ್ ಅಲ್ಲ. ನೀರಿನ ಹಿಡಿತ ತಪ್ಪಿದ ಹೈಡ್ರಾಕ್ಸೈಡ್ ಮಾತ್ರ ಆ ಹೆಸರಿಗೆ ತಕ್ಕದ್ದು. ಹಾಗಾಗಿ ಸೂಪರ್‌ಬೇಸ್ ಎಂಬುದನ್ನು ಇಲ್ಲಿ ಪದಾರ್ಥದ ಹೆಸರು ಎನ್ನುವುದಕ್ಕಿಂತ ಪರಿಸ್ಥಿತಿಯ ಹೆಸರು ಅಂದುಕೊಳ್ಳಿ. ಈ ಪದವನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಅದೂ ಗೊಂದಲಕ್ಕೆ ಒಂದು ಕಾರಣ. ಬ್ಯುಟೈಲ್ ಲಿಥಿಯಂ ಜೊತೆ ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್ ಬೆರೆಸಿದ ಲೋಖ್‌ಮನ್-ಶ್ಲೋಸರ್ ಬೇಸ್‌ಗೂ ಅದೇ ಹೆಸರು, ಲೋಹವೇ ಇಲ್ಲದ ಫಾಸ್ಫಜೀನ್‌ಗಳಿಗೂ ಅದೇ ಹೆಸರು. ಅವುಗಳ ಗೊಡವೆ ಈಗ ಬೇಡ.

ಮೊದಲು ಕಾರ್ಬೈಡ್ ಲೆಕ್ಕ. ಅಸಿಟಿಲೀನ್‌ನ ಇಂಗಾಲದ ಕಕ್ಷಕದಲ್ಲಿ ಎಸ್ ಪಾಲು ಶೇ. 50, ಎಥಿಲೀನ್‌ನಲ್ಲಿ 33, ಈಥೇನ್‌ನಲ್ಲಿ 25. ಎಸ್ ಪಾಲು ಹೆಚ್ಚಿದಷ್ಟೂ ಎಲೆಕ್ಟ್ರಾನ್ ಜೋಡಿ ನ್ಯೂಕ್ಲಿಯಸ್‌ಗೆ ಹತ್ತಿರ ಕೂರುತ್ತದೆ, ಪ್ರೋಟಾನ್ ಬಿಟ್ಟುಕೊಡುವುದು ಸುಲಭವಾಗುತ್ತದೆ. ಅದಕ್ಕೇ ಪಿಕೆಎ (ಆಮ್ಲಬಲದ ಅಳತೆ; ಅಂಕಿ ಕಡಿಮೆಯಾದಷ್ಟೂ ಆಮ್ಲ ಬಲ ಹೆಚ್ಚು, ಒಂದು ಅಂಕಕ್ಕೆ ಹತ್ತು ಪಟ್ಟು) ಈಥೇನ್‌ಗೆ ಸುಮಾರು 50, ಎಥಿಲೀನ್‌ಗೆ 44, ಅಸಿಟಿಲೀನ್‌ಗೆ 25. ಆದರೂ ನೀರಿನದು 15.7. ಆಮ್ಲವಾಗಿ ನೀರೇ ಎಷ್ಟೋ ಪಾಲು ಮೇಲು. ಕಾರ್ಬೈಡ್ ಎಂದರೆ ಎರಡೂ ಪ್ರೋಟಾನ್ ಕಳೆದುಕೊಂಡ ಅಸಿಟಿಲೀನ್‌ನ ಲವಣ. ನೀರು ಕಂಡೊಡನೆ ಅದು ಪ್ರೋಟಾನ್ ಕಿತ್ತುಕೊಳ್ಳುತ್ತದೆ, ಉಳಿದ ಹೈಡ್ರಾಕ್ಸೈಡ್ ಸುಣ್ಣವಾಗುತ್ತದೆ. ಶುದ್ಧ ಕಾರ್ಬೈಡ್ ಒಂದು ಕಿಲೋಗೆ ಲೆಕ್ಕದ ಪ್ರಕಾರ 349 ಲೀಟರ್ ಗ್ಯಾಸ್, ಮಾರುಕಟ್ಟೆಯ ಮಾಲಿಗೆ 300ರ ಆಸುಪಾಸು. ತಿರುಗಿಸಿ ನೋಡಿ: ಒಂದು ಮೋಲಾರ್ ಕಾಸ್ಟಿಕ್ ನೀರಿನಲ್ಲಿ ಅಸಿಟಿಲೀನ್ ಕರಗಿಸಿದರೆ ಹತ್ತು ಸಾವಿರ ಕೋಟಿ ಅಣುಗಳಿಗೆ ಒಂದು ಮಾತ್ರ ಪ್ರೋಟಾನ್ ಕಳೆದುಕೊಂಡು ಅಸಿಟಿಲೈಡ್ ಆಗಿರುತ್ತದೆ. ಪುಸ್ತಕ ಹೇಳಿದ್ದು ಸರಿಯೇ.

ಆದರೆ ಈ ಅಂಕಿಗಳೆಲ್ಲ ನೀರಿನ ಅಳತೆಗೋಲಿನವು. ಅದೇ ಪದಾರ್ಥಗಳನ್ನು ಡಿಎಂಎಸ್‌ಒದಲ್ಲಿ ಅಳೆದಾಗ ನೀರಿನ ಪಿಕೆಎ 31.4ಕ್ಕೆ ಏರುತ್ತದೆ, ಟರ್ಟ್-ಬ್ಯುಟನಾಲ್‌ನದು 32.2. ನಿಮ್ಮ ಫೀನೈಲ್ ಅಸಿಟಿಲೀನ್ 28.8ರಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಹಿರಿಯನಾಗಿದ್ದವನು ಇಲ್ಲಿ ಕಿರಿಯ, ಸಾಲು ಅದಲುಬದಲು. ಹೈಡ್ರಾಕ್ಸೈಡ್‌ನ ಋಣಾವೇಶ ಇರುವುದೆಲ್ಲ ಪುಟ್ಟ ಆಮ್ಲಜನಕದ ಮೇಲೆ. ನೀರಿನಲ್ಲಿ ಮೂರು-ನಾಲ್ಕು ಅಣುಗಳು ಹೈಡ್ರೋಜನ್ ಬಂಧದಿಂದ ಅದನ್ನು ತಬ್ಬಿಕೊಂಡು ಸಮಾಧಾನ ಮಾಡುತ್ತಿರುತ್ತವೆ. ಡಿಎಂಎಸ್‌ಒಗೆ ಹಾಗೆ ಕೊಡಲು ಹೈಡ್ರೋಜನ್ ಇಲ್ಲ. ಅದರ ಆಮ್ಲಜನಕ ಪೊಟ್ಯಾಸಿಯಂ ಅಯಾನನ್ನು ಸುತ್ತುವರಿದು ದೂರ ಇಡುತ್ತದೆ, ಹೈಡ್ರಾಕ್ಸೈಡ್‌ಗೆ ಮೈ ಮುಚ್ಚಲು ಏನೂ ಸಿಗುವುದಿಲ್ಲ. ಅಸಿಟಿಲೈಡ್‌ನ ಆವೇಶ ಇಂಗಾಲದ ಮೇಲಿರುವುದರಿಂದ ಅದು ನೀರಿನ ಆಸರೆಯನ್ನು ಅಷ್ಟಾಗಿ ನಂಬಿದ್ದಲ್ಲ, ಕಳೆದುಕೊಳ್ಳುವುದೂ ಕಡಿಮೆ.

ಈ ಏರಿಕೆಯನ್ನು ಅಳೆದಿದ್ದಾರೆ. ಲೀಟರಿಗೆ 0.011 ಮೋಲ್ ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡ್ ಇರುವ ದ್ರಾವಣದ ಬೇಸ್ ಬಲ ಬರೀ ನೀರಿನಲ್ಲಿ 12. ನೀರು ಕಡಿಮೆ ಮಾಡುತ್ತ ಡಿಎಂಎಸ್‌ಒ 99.5 ಮೋಲ್ ಶೇಕಡಾ ದಾಟಿಸಿದರೆ 26ರ ಹತ್ತಿರ. 14 ಅಂಕ ಎಂದರೆ ಕೋಟಿಯ ಕೋಟಿ ಪಟ್ಟು, ಬೇಸ್‌ನ ಪ್ರಮಾಣ ಒಂದಿಷ್ಟೂ ಬದಲಾಗದೆ! ಕೊನೆಯ ಒಂದೆರಡು ಶೇಕಡಾ ನೀರು ಹೋಗುವಾಗ ಗ್ರಾಫ್ ಗೋಡೆಯಂತೆ ಏರುತ್ತದೆ. ಆ ಗೋಡೆಯಿಂದಲೇ ನೀವು ಕೆಳಗೆ ಬಿದ್ದಿರುವುದು.

ಲೆಕ್ಕ ಹಾಕಿ. 20 ಮಿ.ಲೀ. ಡಿಎಂಎಸ್‌ಒ ಅಂದರೆ 22 ಗ್ರಾಂ. ಆಷಾಢದಲ್ಲಿ ನಾಲ್ಕಾರು ಸಲ ಮುಚ್ಚಳ ತೆರೆದ ಬಾಟಲಿಯಲ್ಲಿ ಅರ್ಧ ಶೇಕಡಾ ನೀರಿದ್ದರೆ ಅಚ್ಚರಿಯಿಲ್ಲ, ಅದು 0.11 ಗ್ರಾಂ, ಅಂದರೆ 6 ಮಿಲಿಮೋಲ್. ನೀವು ಹಾಕಿದ ಬ್ಯುಟಾಕ್ಸೈಡ್ 2 ಮಿಲಿಮೋಲ್. ಒಂದು ಬೇಸ್ ಅಣುವಿಗೆ ಮೂರು ನೀರಿನ ಅಣು. ಬ್ಯುಟಾಕ್ಸೈಡ್ ಅಲ್ಲೇ ಕೆಒಎಚ್ ಆಯಿತು, ಉಳಿದ ನೀರು ಆ ಕೆಒಎಚ್ ಅನ್ನು ಮತ್ತೆ ತಬ್ಬಿಕೊಂಡಿತು. ಬೇಸ್ ಕಡಿಮೆ, ದ್ರಾವಕ ಧಾರಾಳ ಎನ್ನುವ ಕಡೆಯೆಲ್ಲ ಹೀಗೇ: ದ್ರಾವಕದ ಜೊತೆ ಬಂದ ನೀರಿನ ತೂಕವನ್ನು ಯಾರೂ ನೋಡುವುದಿಲ್ಲ.

ಕೆಒಎಚ್ ಗುಳಿಗೆಯ ಕಥೆಯೂ ಬೇರೆಯಲ್ಲ. ‘ಶೇ. 85’ ಎಂದು ಲೇಬಲ್ ಇರುವ ಗುಳಿಗೆಯಲ್ಲಿ ಎರಡು ಕೆಒಎಚ್‌ಗೆ ಹೆಚ್ಚುಕಡಿಮೆ ಒಂದು ನೀರು ಹುಟ್ಟಿನಿಂದಲೇ ಇರುತ್ತದೆ. ಗಡಿಯಾರದ ಗಾಜಿನ ಮೇಲೆ ಇಟ್ಟು ತೂಕ ನೋಡುವಷ್ಟರಲ್ಲಿ ಮಳೆಗಾಲದ ಗಾಳಿಗೆ ಗುಳಿಗೆಯ ಮೈ ಬೆವರುತ್ತದೆ, ತಕ್ಕಡಿಯ ಕೊನೆಯ ಅಂಕಿ ಏರುತ್ತಲೇ ಹೋಗುತ್ತದೆ. ಕೆಒಎಚ್ ಡಿಎಂಎಸ್‌ಒದಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಪುಡಿಯ ಮೈಮೇಲೇ ಕೆಲಸ ನಡೆಯಬೇಕು. ಆದ್ದರಿಂದ ಒಣ ಖಲ್ಲಿನಲ್ಲಿ ಬೇಗ ಪುಡಿ ಮಾಡಿ ತಕ್ಷಣ ಹಾಕಬೇಕು. ಕನ್ನಡಕ ಇಲ್ಲದೆ ಅದನ್ನು ಅರೆಯಬೇಡಿ, ಸಿಡಿದ ಚೂರು ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ತೆಗೆಯಬಲ್ಲದು. ಕೆಒಎಚ್ ಬದಲು ಎನ್‌ಎಒಎಚ್ (ಸೋಡಿಯಂ ಹೈಡ್ರಾಕ್ಸೈಡ್) ಹಾಕಿ ‘ಬೇಸ್ ಬೇಸೇ’ ಅಂದುಕೊಳ್ಳುವುದೂ ಉಂಟು. ಸೋಡಿಯಂ ಚಿಕ್ಕದು, ಹೈಡ್ರಾಕ್ಸೈಡ್ ಅನ್ನು ಬಿಗಿಯಾಗಿ ಹಿಡಿಯುತ್ತದೆ. ಲಿಥಿಯಂ ಇನ್ನೂ ಬಿಗಿ. ಸೀಸಿಯಂ ಚೆನ್ನ, ಬೆಲೆ ಚೆನ್ನಲ್ಲ.

ಡಿಎಂಎಸ್‌ಒ ಒಣಗಿದೆಯೇ ಎಂದು ನೋಡಲು ನೀರಿನ ಪ್ರಮಾಣ ಅಳೆಯುವ ಕಾರ್ಲ್ ಫಿಷರ್ ಯಂತ್ರ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಥರ್ಮಾಮೀಟರ್ ಇದ್ದೇ ಇರುತ್ತದೆ. ಶುದ್ಧ ಡಿಎಂಎಸ್‌ಒ 18.5 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಧನುರ್ಮಾಸದ ಬೆಳಗ್ಗೆ ಮೈಸೂರಿನ ಲ್ಯಾಬಿನಲ್ಲಿ ಬಾಟಲಿ ಕಲ್ಲುಸಕ್ಕರೆಯ ಹಾಗೆ ಕೂತಿದ್ದರೆ ಅದು ಒಳ್ಳೆಯ ಸುದ್ದಿ. ಕಿಲೋಗೆ ಒಂದು ಮೋಲ್ ಬೇರೆ ಪದಾರ್ಥ ಸೇರಿದರೆ ಘನೀಕರಣ ಬಿಂದು ಸುಮಾರು 4 ಡಿಗ್ರಿ ಇಳಿಯುತ್ತದೆ. ಅಂದರೆ ಅರ್ಧ ಶೇಕಡಾ ನೀರಿಗೆ 17.4ರ ಹತ್ತಿರ, ಒಂದು ಶೇಕಡಾಕ್ಕೆ 16.3. ಒಣ ಪರೀಕ್ಷಾನಳಿಕೆಯಲ್ಲಿ 20 ಮಿ.ಲೀ. ತೆಗೆದುಕೊಂಡು, ಬಾಯಿಗೆ ಥರ್ಮಾಮೀಟರ್ ತೂರಿಸಿದ ಬಿರಡೆ ಹಾಕಿ, ತಣ್ಣೀರಿನಲ್ಲಿಟ್ಟು ಅಲ್ಲಾಡಿಸುತ್ತಿರಿ. ಪಾದರಸ 14-15ರವರೆಗೂ ಇಳಿದು, ಮೊದಲ ಹರಳು ಕಂಡೊಡನೆ ತಟಕ್ಕನೆ ಮೇಲೆ ಹಾರಿ ಒಂದು ಕಡೆ ನಿಲ್ಲುತ್ತದೆ. ನಿಂತ ಅಂಕಿಯನ್ನು ಬರೆದುಕೊಳ್ಳಿ, ಇಳಿದದ್ದನ್ನಲ್ಲ. ಅದು ಅತಿಶೀತಲನದ ಆಟ. ಥರ್ಮಾಮೀಟರನ್ನು ಮೊದಲು ಕರಗುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸಿರಬೇಕು, ಇಲ್ಲದಿದ್ದರೆ ಅದರ ಒಂದು ಡಿಗ್ರಿ ತಪ್ಪು ನಿಮ್ಮ ಇಡೀ ಲೆಕ್ಕವನ್ನು ನುಂಗಿಬಿಡುತ್ತದೆ.

ಒಣಗಿಸಲು ನೀರು ಹೀರುವ 4 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ ಸಾಕು. ಅದನ್ನು 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, 100 ಮಿ.ಲೀ.ಗೆ 15-20 ಗ್ರಾಂನಂತೆ ಹಾಕಿ ಎರಡು-ಮೂರು ದಿನ ಬಿಡಿ. ಪ್ಯಾಕೆಟ್ಟಿನಿಂದ ನೇರ ಹಾಕಿದ ಸೀವ್ ನೀರು ಕುಡಿದೇ ಬಂದಿರುತ್ತದೆ, ಉಪಯೋಗವಿಲ್ಲ. ಬಟ್ಟಿ ಇಳಿಸುವುದಾದರೆ ಕ್ಯಾಲ್ಸಿಯಂ ಹೈಡ್ರೈಡ್ ಹಾಕಿ, ಕಡಿಮೆ ಒತ್ತಡದಲ್ಲಿ ಮಾತ್ರ. ಸಾಮಾನ್ಯ ಒತ್ತಡದಲ್ಲಿ ಅದು ಕುದಿಯುವ 189 ಡಿಗ್ರಿಗೆ ಡಿಎಂಎಸ್‌ಒ ಒಡೆಯಲು ಶುರುವಾಗುತ್ತದೆ. ಸೋಡಿಯಂ ಹೈಡ್ರೈಡ್ ಹಾಕಿ ಬಿಸಿ ಮಾಡುವ ಯೋಚನೆ ಮಾತ್ರ ಬಿಟ್ಟುಬಿಡಿ. ಅದರಿಂದ ಹುಟ್ಟುವ ಡಿಮ್‌ಸಿಲ್ ಲವಣವೂ ಒಂದು ಸೂಪರ್‌ಬೇಸೇ, ಆದರೆ ಬಿಸಿಯಾದಾಗ ತನ್ನಷ್ಟಕ್ಕೆ ಕೆರಳಿ ಸ್ಫೋಟಗೊಂಡ ಉದಾಹರಣೆಗಳು ದಾಖಲಾಗಿವೆ.

ಇನ್ನು 80 ಡಿಗ್ರಿಯ ಕಂದು ಗಸಿ. ಇಲ್ಲಿ ತಪ್ಪು ಎರಡು. ಕೀಟೋನ್ ಜೊತೆ ಅಸಿಟಿಲೀನ್ ಸೇರಿಸುವ ಈ ಕ್ರಿಯೆಗೆ ರಷ್ಯದ ಅಲೆಕ್ಸೇಯ್ ಫವೋರ್‌ಸ್ಕಿ ಹೆಸರಿದೆ, 1900ರ ದಶಕದ್ದು. ಇದು ಎರಡೂ ಕಡೆ ಓಡುವ ಕ್ರಿಯೆ: ಬೇಸ್ ಜೊತೆ ಕಾಯಿಸಿದರೆ ಹುಟ್ಟಿದ ಆಲ್ಕೊಹಾಲ್ ಒಡೆದು ಮತ್ತೆ ಕೀಟೋನ್, ಅಸಿಟಿಲೀನ್ ಆಗುತ್ತದೆ. ಮೂಲಪದಾರ್ಥ ವಾಪಸ್ ಪಡೆಯಲು ನೀವೇ ಸೌದೆ ಹಾಕಿದಂತಾಯಿತು. ಎರಡನೆಯದು, ಡಿಎಂಎಸ್‌ಒದಲ್ಲಿ ಸೈಕ್ಲೋಹೆಕ್ಸನೋನ್‌ನ ಪಿಕೆಎ 26.4. ನಿಮ್ಮ ಅಸಿಟಿಲೀನ್‌ಗಿಂತ ಕೀಟೋನೇ ಬಲವಾದ ಆಮ್ಲ! ಬೇಸ್ ಮೊದಲು ಕೀಳುವುದು ಕೀಟೋನ್‌ನ ಪ್ರೋಟಾನನ್ನು. ತಣ್ಣಗಿರುವಾಗ ಇದರಿಂದ ಅಷ್ಟು ಹಾನಿಯಿಲ್ಲ, ಕೀಟೋನ್ ಕೀಟೋನ್ ಸೇರಿದ ಆಲ್ಡಾಲ್ ಮತ್ತೆ ಬಿಡಿಸಿಕೊಳ್ಳುತ್ತದೆ. ಬಿಸಿಯಲ್ಲಿ ಅದು ನೀರು ಕಳೆದುಕೊಂಡು ಶಾಶ್ವತವಾಗಿ ಅಂಟಿಕೊಳ್ಳುತ್ತದೆ, ಆಗ ಹೊರಬಿದ್ದ ನೀರು ಬೇಸನ್ನು ಇನ್ನಷ್ಟು ಕೊಲ್ಲುತ್ತದೆ. ಕಂದು ಬಣ್ಣ ಆ ಸರಣಿಯದ್ದು.

ಹೀಗೆ ಮಾಡಿ ನೋಡಿ. ದ್ರಾವಕವನ್ನು ಅರ್ಧಕ್ಕೆ ಇಳಿಸಿ: ಒಣ ಡಿಎಂಎಸ್‌ಒ 10 ಮಿ.ಲೀ. ಓವನ್‌ನಲ್ಲಿ ಒಣಗಿಸಿದ ಫ್ಲಾಸ್ಕ್, ನೈಟ್ರೋಜನ್ ಬಲೂನ್. ಹೊಸ ಬಾಟಲಿಯ ಟರ್ಟ್-ಬ್ಯುಟಾಕ್ಸೈಡ್ 0.28 ಗ್ರಾಂ ಹಾಕಿ ಕರಗಿಸಿ, ಫೀನೈಲ್ ಅಸಿಟಿಲೀನ್ 1.12 ಗ್ರಾಂ ಸೇರಿಸಿ ಹತ್ತು ನಿಮಿಷ ಕಲಕಿ. ಪಿಕೆಎ ಅಂತರ 3.4 ಇರುವುದರಿಂದ ಸಮತೋಲನ ಅಸಿಟಿಲೈಡ್ ಕಡೆಗೇ ವಾಲಿರುತ್ತದೆ. ಆಮೇಲೆ ಸೈಕ್ಲೋಹೆಕ್ಸನೋನ್ 0.98 ಗ್ರಾಂ ಅನ್ನು 2 ಮಿ.ಲೀ. ಡಿಎಂಎಸ್‌ಒದಲ್ಲಿ ಬೆರೆಸಿ ಸಿರಿಂಜ್‌ನಲ್ಲಿ ಇಪ್ಪತ್ತು ನಿಮಿಷ ತೊಟ್ಟು ತೊಟ್ಟಾಗಿ ಬಿಡಿ. ಕೀಟೋನ್ ಕೊನೆಗೆ, ನಿಧಾನಕ್ಕೆ: ಫ್ಲಾಸ್ಕಿನಲ್ಲಿ ಅದು ಯಾವಾಗಲೂ ಕಡಿಮೆ ಇರಬೇಕು. ಉಷ್ಣತೆ 20ರಿಂದ 25 ಡಿಗ್ರಿ. ತಣ್ಣಗಿದ್ದರೆ ಒಳ್ಳೆಯದಲ್ಲವೇ ಎಂದು ಐಸ್ ಇಟ್ಟರೆ ದ್ರಾವಕವೇ ಗಡ್ಡೆಯಾಗಿ ಕಲಕುವ ಪೆಲೆಟ್ ನಿಂತುಬಿಡುತ್ತದೆ. ಒಂಬತ್ತು ಪಾಲು ಹೆಕ್ಸೇನ್, ಒಂದು ಪಾಲು ಈಥೈಲ್ ಅಸಿಟೇಟ್‌ನಲ್ಲಿ ಟಿಎಲ್‌ಸಿ (ತೆಳುಪದರ ಕ್ರೊಮಟಾಗ್ರಫಿ) ನೋಡುತ್ತ ಒಂದೆರಡು ಗಂಟೆ. ಮುಗಿದ ಮೇಲೆ ಅಮೋನಿಯಂ ಕ್ಲೋರೈಡ್ ಹಾಕಿದ 50 ಮಿ.ಲೀ. ಐಸ್ ನೀರಿಗೆ ಸುರಿದು, 20 ಮಿ.ಲೀ. ಈಥೈಲ್ ಅಸಿಟೇಟ್‌ನಿಂದ ಮೂರು ಸಲ ಎಳೆಯಿರಿ. ಆ ಪದರವನ್ನು ಉಪ್ಪುನೀರಿನಲ್ಲಿ ಮೂರು ಸಲವಾದರೂ ತೊಳೆಯಬೇಕು. ಡಿಎಂಎಸ್‌ಒ ಉಳಿದರೆ ಹರಳು ಬಾರದೆ ಎಣ್ಣೆಯಾಗೇ ಕೂರುತ್ತದೆ, ತೂಕ ಮಾತ್ರ ಹೆಚ್ಚು ತೋರಿಸಿ ಮೋಸ ಮಾಡುತ್ತದೆ. ಪೂರ್ತಿ ಇಳುವರಿ ಎಂದರೆ 2.0 ಗ್ರಾಂ. ಬಿಳಿ ಹರಳು 60 ಡಿಗ್ರಿಯ ಆಸುಪಾಸಿನಲ್ಲಿ ಕರಗಬೇಕು.

‘ಹಾಗಾದರೆ ಸೋಡಾಮೈಡ್ ಯಾಕೆ ಬೇಕು?’ ಎಂದು ನೀವು ಮುಂದೆ ಕೇಳುತ್ತೀರಿ. ಅದು ಬೇಕಾಗುವ ಜಾಗ ಬೇರೆ. ಅಸಿಟಿಲೈಡ್‌ಗೆ ಬ್ಯುಟೈಲ್ ಬ್ರೋಮೈಡ್‌ನಂಥ ಹ್ಯಾಲೈಡ್ ಜೋಡಿಸಬೇಕು ಎಂದಿಟ್ಟುಕೊಳ್ಳಿ. ಕೆಒಎಚ್-ಡಿಎಂಎಸ್‌ಒದಲ್ಲಿ ಬತ್ತಲೆ ಹೈಡ್ರಾಕ್ಸೈಡ್ ತಾನೇ ಹ್ಯಾಲೈಡ್ ಮೇಲೆ ಬಿದ್ದು ಆಲ್ಕೊಹಾಲ್, ಆಲ್ಕೀನ್ ಮಾಡಿಬಿಡುತ್ತದೆ. ಅಲ್ಲಿ ಬೇಸ್ ಪೂರಾ ಖರ್ಚಾಗಿ ಅಸಿಟಿಲೈಡ್ ಮಾತ್ರ ಉಳಿದಿರಬೇಕು. ಮೈನಸ್ 33 ಡಿಗ್ರಿಯ ದ್ರವ ಅಮೋನಿಯದಲ್ಲಿ ಸೋಡಾಮೈಡ್ ಆ ಕೆಲಸವನ್ನು ಕೊನೆಮುಟ್ಟಿಸುತ್ತದೆ, ಏಕೆಂದರೆ ಅಮೋನಿಯದ ಪಿಕೆಎ 38, ಅಸಿಟಿಲೀನ್‌ಗಿಂತ 13 ಅಂಕ ಮೇಲೆ. ಕೀಟೋನ್ ಕ್ರಿಯೆಗೆ ಅಷ್ಟು ಬೇಡ. ಕ್ಷಣಕ್ಷಣಕ್ಕೂ ಸ್ವಲ್ಪ ಅಸಿಟಿಲೈಡ್ ಹುಟ್ಟುತ್ತಿದ್ದರೆ ಸಾಕು, ಪ್ರೋಟಾನ್ ಕೈಬದಲಾಗುತ್ತ ಬೇಸ್ ಮತ್ತೆ ಮತ್ತೆ ಹಿಂದಿರುಗುತ್ತದೆ.

ಪೂರ್ತಿ ಕೀಳುವುದಕ್ಕೂ ಸ್ವಲ್ಪ ಕೀಳುವುದಕ್ಕೂ ಇರುವ ಈ ವ್ಯತ್ಯಾಸ ತ್ರಿಬಂಧದ ಜಾಗವನ್ನೇ ಬದಲಿಸುತ್ತದೆ. ಸರಪಳಿಯ ತುದಿಯಲ್ಲಿ ತ್ರಿಬಂಧ ಇರುವ ಆಲ್ಕೈನ್ ಅನ್ನು ಆಲ್ಕೊಹಾಲಿನ ಕೆಒಎಚ್ ಜೊತೆ ಮುಚ್ಚಿದ ಕೊಳವೆಯಲ್ಲಿ ಕಾಯಿಸಿದರೆ ತ್ರಿಬಂಧ ಒಳಕ್ಕೆ ಸರಿಯುತ್ತದೆ. ಒಳಗಿನದೇ ಹೆಚ್ಚು ಸ್ಥಿರ. ಇದನ್ನೂ ಕಂಡವರು ಫವೋರ್‌ಸ್ಕಿ. ಪೊಟ್ಯಾಸಿಯಂ 3-ಅಮೈನೋಪ್ರೊಪೈಲಮೈಡ್ ಎಂಬ ಸೂಪರ್‌ಬೇಸ್ ಹಾಕಿದರೆ ಉಲ್ಟಾ: ಎಲ್ಲೋ ನಡುವೆ ಇದ್ದ ತ್ರಿಬಂಧ ಜಿಪ್ ಎಳೆದಂತೆ ಜಾರುತ್ತ ತುದಿಗೆ ಬರುತ್ತದೆ. 1975ರಲ್ಲಿ ಬ್ರೌನ್ ಮತ್ತು ಯಮಾಶಿತ ಇದನ್ನು ತೋರಿಸಿದರು. ತುದಿಗೆ ಬಂದೊಡನೆ ಆ ಬೇಸ್ ಪ್ರೋಟಾನ್ ಕಿತ್ತು ಅಸಿಟಿಲೈಡ್ ಮಾಡಿ ಬೀಗ ಹಾಕುತ್ತದೆ, ಹಿಂದಿರುಗಲು ಬಿಡುವುದಿಲ್ಲ.

ಕೆಒಎಚ್-ಡಿಎಂಎಸ್‌ಒ ಜೋಡಿಯ ನಿಜವಾದ ಊರು ಸೈಬೀರಿಯದ ಇರ್ಕುತ್ಸ್ಕ್. ಅಲ್ಲಿ ಫವೋರ್‌ಸ್ಕಿ ಹೆಸರಿನ ಸಂಸ್ಥೆಯಲ್ಲಿ ಬೋರಿಸ್ ತ್ರೋಫಿಮೋವ್ ಮತ್ತು ಅವರ ತಂಡ 1970ರ ದಶಕದಿಂದ ಇದನ್ನೇ ಹಿಡಿದು ಕೂತರು. ಅವರ ಕೆಲಸದಲ್ಲಿ ಅಸಿಟಿಲೀನ್‌ಗೆ ಇನ್ನೊಂದು ಮುಖವೂ ಇದೆ. ಅಲ್ಲಿ ಅದು ಆಮ್ಲವಾಗಿ ಪ್ರೋಟಾನ್ ಕೊಡುವುದಷ್ಟೇ ಅಲ್ಲ, ಏಟು ತಿನ್ನುವ ಕಡೆಯೂ ಆಗುತ್ತದೆ. ಸೈಕ್ಲೋಹೆಕ್ಸನೋನ್ ಆಕ್ಸೈಮ್ (ಕೀಟೋನ್‌ನ ಆಮ್ಲಜನಕದ ಜಾಗದಲ್ಲಿ ನೈಟ್ರೋಜನ್-ಓಎಚ್ ಇರುವುದು) ತೆಗೆದುಕೊಳ್ಳಿ. ಸೂಪರ್‌ಬೇಸ್ ಅದರ ಓಎಚ್‌ನ ಪ್ರೋಟಾನ್ ಕಿತ್ತು, ಆಮ್ಲಜನಕವನ್ನು ಬತ್ತಲೆ ಬಿಡುತ್ತದೆ. ಆ ಆಮ್ಲಜನಕ ಅಸಿಟಿಲೀನ್‌ನ ತ್ರಿಬಂಧಕ್ಕೆ ಹೋಗಿ ಕೂರುತ್ತದೆ. ಹುಟ್ಟಿದ ಓ-ವೈನೈಲ್ ಆಕ್ಸೈಮ್ ಒಳಗೇ ಮಗುಚಿ, ನೀರು ಕಳೆದು, ಪಿರೋಲ್ ಉಂಗುರವಾಗುತ್ತದೆ. ಕೈಗೆ ಸಿಗುವುದು 4,5,6,7-ಟೆಟ್ರಾಹೈಡ್ರೋಇಂಡೋಲ್. ಅಸಿಟಿಲೀನ್ ಇನ್ನೂ ಹೋಗುತ್ತಿದ್ದರೆ ನೈಟ್ರೋಜನ್ ಮೇಲೆ ಒಂದು ವೈನೈಲ್ ಕೂಡ ಕೂರುತ್ತದೆ. 100 ಡಿಗ್ರಿಯ ಸುತ್ತಮುತ್ತ ಆಗುವ ಕೆಲಸ ಇದು. ಹಿಂದೆ ಜರ್ಮನಿಯಲ್ಲಿ ವಾಲ್ಟರ್ ರೆಪ್ಪೆ ಆಲ್ಕೊಹಾಲ್‌ಗೆ ವೈನೈಲ್ ಜೋಡಿಸಲು ಕೆಒಎಚ್ ಹಾಕಿ 150 ಡಿಗ್ರಿಗೂ ಮೇಲೆ, ಒತ್ತಡದಲ್ಲಿ ಅಸಿಟಿಲೀನ್ ನೂಕಬೇಕಿತ್ತು.

ಇಷ್ಟು ಓದಿ ಫೀನೈಲ್ ಅಸಿಟಿಲೀನ್ ಬಿಟ್ಟು ಗ್ಯಾಸಿಗೇ ಕೈಹಾಕುವ ಆಸೆ ಬಂದರೆ ಮೊದಲು ಮಂಡ್ಯದ ಯಾವುದಾದರೂ ವೆಲ್ಡಿಂಗ್ ಶಾಪಿನ ಮುಂದೆ ನಿಂತು ನೋಡಿ. ಆಲೆಮನೆಯ ಗಾಣದ ಹಲ್ಲು, ಟ್ರೈಲರ್ ಕೊಕ್ಕೆ ಬೆಸೆಯುವ ಆ ಮರೂನ್ ಬಣ್ಣದ ಡಿಎ (ಕರಗಿಸಿದ ಅಸಿಟಿಲೀನ್) ಸಿಲಿಂಡರ್ ಒಳಗೆ ಖಾಲಿ ಜಾಗವೇ ಇಲ್ಲ. ಸ್ಪಂಜಿನಂಥ ಗಟ್ಟಿ ಪದಾರ್ಥ, ಅದರ ತೂತುಗಳಲ್ಲಿ ಅಸಿಟೋನ್, ಅಸಿಟೋನಿನಲ್ಲಿ ಕರಗಿದ ಅಸಿಟಿಲೀನ್. ಒಂದು ಲೀಟರ್ ಅಸಿಟೋನ್ ಸಾಮಾನ್ಯ ಒತ್ತಡದಲ್ಲೇ ಸುಮಾರು 25 ಲೀಟರ್ ಅಸಿಟಿಲೀನ್ ಕುಡಿಯುತ್ತದೆ. ಯಾಕೆಂದರೆ ಅದೇ ಆಮ್ಲೀಯ ಹೈಡ್ರೋಜನ್, ಅಸಿಟೋನಿನ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದಿಂದ ಅಂಟಿಕೊಳ್ಳುತ್ತದೆ. ಡಿಎಂಎಸ್‌ಒ ಅಸಿಟಿಲೀನ್ ಅನ್ನು ಚೆನ್ನಾಗಿ ಕರಗಿಸುವುದೂ ಇದೇ ಕಾರಣಕ್ಕೆ. ಪ್ರೋಟಾನ್ ಕೀಳುವ ಮೊದಲ ಹೆಜ್ಜೆ ವೆಲ್ಡಿಂಗ್ ಸಿಲಿಂಡರಿನಲ್ಲೇ ಅರ್ಧ ನಡೆದಿರುತ್ತದೆ ಎನ್ನಬಹುದು.

ಆದರೆ ಆ ಗ್ಯಾಸನ್ನು ನೇರ ಫ್ಲಾಸ್ಕಿಗೆ ಬಿಟ್ಟರೆ ಅಸಿಟೋನ್ ಆವಿಯೂ ಬರುತ್ತದೆ, ಸೂಪರ್‌ಬೇಸ್‌ನಲ್ಲಿ ಅದೂ ಒಂದು ಕೀಟೋನ್. ನಿಮಗೆ ಬೇಡದ 2-ಮೀಥೈಲ್-3-ಬ್ಯುಟೈನ್-2-ಓಲ್ ತಯಾರಾಗುತ್ತದೆ. ಮೈನಸ್ 78 ಡಿಗ್ರಿಯ ಡ್ರೈ ಐಸ್ ಬಲೆ ಅಸಿಟೋನನ್ನು ಹಿಡಿಯುತ್ತದೆ, ಅಸಿಟಿಲೀನನ್ನು ದಾಟಿಸುತ್ತದೆ. ದ್ರವ ನೈಟ್ರೋಜನ್ ಬಲೆ ಇಡಬಾರದು, ಅಸಿಟಿಲೀನೇ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದು ಸಿಡಿಯಬಲ್ಲದು. ವಾತಾವರಣಕ್ಕಿಂತ ಒಂದು ಬಾರ್ ಹೆಚ್ಚಿನ ಒತ್ತಡ ಮೀರಿದ ಅಸಿಟಿಲೀನ್ ಗಾಳಿಯಿಲ್ಲದೆಯೂ ಒಡೆದು ಸ್ಫೋಟಿಸಬಹುದು. ತಾಮ್ರದ ಕೊಳವೆ, ಬೆಳ್ಳಿ ಬೆಸುಗೆ ಎರಡೂ ನಿಷಿದ್ಧ, ಅವುಗಳ ಅಸಿಟಿಲೈಡ್ ಒಣಗಿದರೆ ತಾಗಿದ್ದಕ್ಕೇ ಸಿಡಿಯುತ್ತದೆ. ಸಿಲಿಂಡರ್ ಮಲಗಿಸಬಾರದು, ಗಂಟೆಗೆ ಅದರ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಗ್ಯಾಸ್ ಎಳೆಯಲೂಬಾರದು. ಗಾಳಿಯಲ್ಲಿ ಶೇ. 2.5 ಬೆರೆತರೇ ಹತ್ತಿಕೊಳ್ಳುತ್ತದೆ. ಪ್ರಾಜೆಕ್ಟ್ ಮಟ್ಟಕ್ಕೆ ನಿಮ್ಮ ಫೀನೈಲ್ ಅಸಿಟಿಲೀನೇ ಜಾಣ ಆಯ್ಕೆ. ಗ್ಯಾಸ್ ಬೇಕೇಬೇಕಾದರೆ ಅನುಭವ ಇದ್ದವರು ಪಕ್ಕದಲ್ಲಿರುವ, ಹುಡ್ ಸರಿಯಾಗಿ ಎಳೆಯುವ ಲ್ಯಾಬಿನಲ್ಲಿ ಮಾತ್ರ.

ಕೈಗವಸಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ಡಿಎಂಎಸ್‌ಒ ಚರ್ಮದ ಮೂಲಕ ಸಲೀಸಾಗಿ ಒಳಗಿಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ; ಬೇಸ್ ಕೂಡ ಇದ್ದರೆ ಸುಟ್ಟಗಾಯ. ತೆಳು ನೈಟ್ರೈಲ್ ಗವಸು ಸ್ವಲ್ಪ ಹೊತ್ತಿಗಷ್ಟೇ ತಡೆಯುತ್ತದೆ, ಬ್ಯುಟೈಲ್ ರಬ್ಬರಿನದು ಹಾಕಿ. ಮಿಕ್ಕ ದ್ರಾವಣವನ್ನು ಐಸ್ ನೀರಿಗೆ ಸುರಿದು, ದುರ್ಬಲ ಆಮ್ಲದಿಂದ ತಟಸ್ಥ ಮಾಡಿ, ಹ್ಯಾಲೊಜನ್ ಇಲ್ಲದ ದ್ರಾವಕದ ಕ್ಯಾನಿಗೆ ಹಾಕಿ. ಅಸಿಟೈಲ್ ಕ್ಲೋರೈಡ್, ಥಯೋನೈಲ್ ಕ್ಲೋರೈಡ್ ತೊಳೆದ ಕ್ಯಾನಿಗೆ ಡಿಎಂಎಸ್‌ಒ ಸುರಿಯಬಾರದು, ಬುರುಗೆದ್ದು ಮುಚ್ಚಳ ಹಾರುತ್ತದೆ.